ಗುಳ್ಳೆ ಬಿಡಲಾರದ ಗೌತಮ

ನವಲಿಯಲ್ಲಿ ಗಂಡುಹುಡುಗರ ಮರ್ಯಾದೆ ಅಳೆಯುವುದು ಬಾವಿಯಲ್ಲಿ. ಮುಳುಗಿದವನು ಎಷ್ಟು ಹೊತ್ತು ಮೇಲೆ ಬರಲಿಲ್ಲ ಅನ್ನುವುದೊಂದೇ ಅಲ್ಲಿನ ಲೆಕ್ಕ. ನಡುವೆ ಒಂದು ಗುಳ್ಳೆ ಎದ್ದರೂ ಸಾಕು, ಕಟ್ಟೆಯ ಮೇಲೆ ಕೂತವರು ಕೇಕೆ ಹಾಕಿ ಅವನ ಮಾನ ಕಳೆದುಬಿಡುತ್ತಾರೆ. ಈ ವಿದ್ಯೆಗೆ ಊರಿಗೆಲ್ಲ ಗುರು ಗಾಳೆಪ್ಪ. ಅಕ್ಕನ ಮಗ ಗೌತಮನ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ತನ್ನ ಹೊಲದ ಬಾವಿಗೆ ನೂಕಿದವನೂ ಅವನೇ.

"ಹಲ್ಲು ಕಚ್ಚಿ ಉಸರ ಹಿಡಿಯಲೇ! ಬಿಟ್ಟಿ ಅಂದ್ರ ನನ್ನ ಅಳಿಯ ಅಂತ ಎಲ್ಲೂ ಹೇಳಬ್ಯಾಡ."

ಗೌತಮ ಬಿಡಲಿಲ್ಲ. ದೊಡ್ಡವನಾಗಿ ನೌಕಾಪಡೆ ಸೇರಿ, ಜಲಾಂತರ್ಗಾಮಿಗೆ ತಾನೇ ಹೆಸರು ಕೊಟ್ಟು ವಿಶಾಖಪಟ್ಟಣದ ತರಬೇತಿಗೆ ಹೋದ. ಅಲ್ಲಿಯೂ ಬಿಡಲಿಲ್ಲ. ಆಪತ್ತು ಬಂದದ್ದೇ ಅಲ್ಲಿ.

ಸಮುದ್ರದಡಿ ಹಡಗು ಕೆಟ್ಟು ಕೂತರೆ ಒಳಗಿದ್ದವರು ಹೊರಬಿದ್ದು ಮೇಲೇರುವುದು ಹೇಗೆಂದು ನೀರು ತುಂಬಿದ ಎತ್ತರದ ಗೋಪುರದಲ್ಲಿ ಕಲಿಸುತ್ತಾರೆ. ಅಡಿಯಲ್ಲಿ ಎಳೆದುಕೊಂಡ ಗಾಳಿ ನೀರಿನ ಭಾರಕ್ಕೆ ಮುದುಡಿರುತ್ತದೆ, ಮೇಲೇರಿದಂತೆ ಹಿಗ್ಗುತ್ತದೆ. ದಾರಿಯುದ್ದಕ್ಕೂ ಬಾಯಿ ತೆರೆದು ಗುಳ್ಳೆ ಬಿಡುತ್ತಲೇ ಬರಬೇಕು, ಇಲ್ಲವಾದರೆ ಶ್ವಾಸಕೋಶ ಹರಿಯುತ್ತದೆ. ಉಳಿದ ಹುಡುಗರಿಗೆ ನೀರಿನ ಭಯವಿತ್ತು. ಗೌತಮನಿಗೆ ಅದಿಲ್ಲ. ಆದರೆ ತಲೆ ನೀರಿನೊಳಗೆ ಹೋದದ್ದೇ ತಡ, ದವಡೆ ಬೀಗ ಜಡಿದುಕೊಳ್ಳುತ್ತಿತ್ತು. ಪಕ್ಕದಲ್ಲಿ ಕಾವಲಿದ್ದ ಈಜುಗಾರ ಹೊಟ್ಟೆಗೆ ಗುದ್ದಿದರೂ ಬಾಯಿ ಬಿಡಲಿಲ್ಲ. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಅನ್ನುವ ಗಾದೆ ಮಾಡಿದವರು ನವಲಿಯ ಕಡೆ ಬಂದಿರಲಿಕ್ಕಿಲ್ಲ. ಕೊನೆಗೆ ಅರ್ಧದಾರಿಯಲ್ಲೇ ಅವನನ್ನು ಹೊರಗೆ ಎಳೆದುಕೊಂಡರು.

"ಬೇರೆಯವರು ಹೆದರಿ ಸಾಯುತ್ತಾರೆ, ನೀನು ಧೈರ್ಯದಿಂದ ಸಾಯುತ್ತೀಯ" ಎಂದು ತರಬೇತುದಾರ ಬೈದ. ರಜೆ ಮುಗಿಸಿ ಬಂದ ಮೇಲೆ ಇನ್ನೊಂದೇ ಅವಕಾಶ. ತಪ್ಪಿದರೆ ಜಲಾಂತರ್ಗಾಮಿಯ ಆಸೆ ಬಿಡಬೇಕು.

ಊರಿಗೆ ಬಂದರೆ ಗಾಳೆಪ್ಪ ಆಗಲೇ ಡಂಗುರ ಹೊಡೆದಾಗಿತ್ತು. "ಐತಾರ ನನ್ನ ಅಳಿಯ ಬಾವ್ಯಾಗ ಇಳಿತಾನ, ನೋಡಾಕ ಬರ್ರಿ! ಸರ್ಕಾರದವ್ರು ಅವನ್ನ ಸಮುದ್ರದ ಬುಡಕ್ಕ ಕಳಸಾಕ ಹತ್ಯಾರ ಅಂದ್ರ ಸುಮ್ನ ಅಲ್ಲ."

ಗೌತಮನಿಗೆ ನುಂಗಲಾರದ ಉಗುಳಲಾರದ ಬಿಸಿ ತುಪ್ಪ. ನಿಜ ಹೇಳಿದ್ದು ಗೀತಾಳಿಗೆ ಮಾತ್ರ. ಅವಳು ಗಾಳೆಪ್ಪನ ಮಗಳು, ಇವನ ಜೊತೆಗೇ ಮದುವೆ ನಿಶ್ಚಯವಾದವಳು.

"ಅಪ್ಪಗ ಹೇಳಿಬಿಡು" ಅಂದಳು ಗೀತಾ.

"ಮಾವ ಕಲಿಸಿದ್ದು ತಪ್ಪು ಅಂತ ಯಾವ ಬಾಯಿಲೆ ಹೇಳ್ಲಿ? ನೌಕರಿ ಬಿಟ್ಟರೂ ಬಿಟ್ಟೇನು, ಅದನ್ನ ಹೇಳಲಾರೆ."

ಗೀತಾಳಿಗೆ ನಗು ಬಂತು, ಕನಿಕರವೂ ಬಂತು. "ಹುಲಿಗಿ ಜಾತ್ರಿಗೆ ಹೋದಾಗ ಉಧೋ ಉಧೋ ಅಂತ ಚೀರ್ತಿಯಲ್ಲ, ಆವಾಗ ನಿನ್ನ ದವಡಿ ಯಾರ ಹಿಡಿತಾರ? ನೀರಾಗೂ ಹುಲಿಗೆಮ್ಮನ್ನ ಕೂಗು."

ಭಾನುವಾರ ಬಾವಿಯ ಸುತ್ತ ಜನವೋ ಜನ. ಗಾಳೆಪ್ಪ ಹೊಸ ಧೋತರ ಉಟ್ಟು, ರುಮಾಲು ಸುತ್ತಿ, ಬೀಗರ ಮನೆಗೆ ಹೊರಟವನ ಹಾಗೆ ಕಟ್ಟೆಯ ಮೇಲೆ ಕೂತಿದ್ದ. ಗೌತಮ ಹಾರಿ ತಳದ ಕೆಸರು ಮುಟ್ಟಿದ. ದವಡೆ ಎಂದಿನಂತೆ ಬಿಗಿಯಿತು. ಮೇಲೆ ಮಾವ ಕೂತಿದ್ದಾನೆ, ಈಗ ಗುಳ್ಳೆ ಬಿಟ್ಟರೆ ಅವನ ಮುಖ ಏನಾಗಬೇಡ? ಆದರೆ ಇವತ್ತು ಬಿಡದಿದ್ದರೆ ಗೋಪುರದಲ್ಲಿ ಎಂದಿಗೂ ಬಿಡಲಾರೆ ಅನ್ನುವುದೂ ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿ, ಇದ್ದ ಉಸಿರೆಲ್ಲ ಒಟ್ಟು ಮಾಡಿ, "ಉಧೋ!" ಎಂದ. ಬಾಯಿ ಬಿಚ್ಚಿತು. ಅನ್ನದ ಎಸರು ಕುದ್ದಂತೆ ಗುಳ್ಳೆಗಳು ಮೇಲೆದ್ದವು.

ನವಲಿಯಲ್ಲಿ ಅಷ್ಟು ಗುಳ್ಳೆಗೆ ಒಂದೇ ಅರ್ಥ. "ಅಯ್ಯಯ್ಯೋ, ಹುಡುಗ ಹ್ವಾದಲ್ಲೋ!" ಎಂದು ಚೀರಿದ ಗಾಳೆಪ್ಪ ರುಮಾಲು, ಧೋತರ ಸಮೇತ ಬಾವಿಗೆ ಹಾರಿದ. ಕೂದಲು ಹಿಡಿದು ಎಳೆಯೋಣವೆಂದರೆ ನೌಕಾಪಡೆಯವರು ಹಿಡಿಯುವಷ್ಟು ಉಳಿಸಿರಲಿಲ್ಲ. ಸುಖವಾಗಿ ಮೇಲೇರುತ್ತಿದ್ದ ಅಳಿಯನನ್ನು ಕಿವಿ ಹಿಡಿದು ಮೆಟ್ಟಿಲಿಗೆ ಎಳೆತಂದ. ಜನ ಬಿದ್ದು ಬಿದ್ದು ನಕ್ಕರು. ಗಾಳೆಪ್ಪ ಮಾತ್ರ ತೊಯ್ದ ರುಮಾಲಿನಿಂದಲೇ ಅಳಿಯನ ಮುಖ ಒರೆಸುತ್ತಿದ್ದ.

ಅದನ್ನು ನೋಡಿದ ಮೇಲೆ ಗೌತಮನಿಗೆ ಮುಚ್ಚಿಡಲಾಗಲಿಲ್ಲ. ಗೋಪುರದ ಕಥೆ, ಬೈಗುಳ, ಕೊನೆಯ ಅವಕಾಶ, ಎಲ್ಲ ಹೇಳಿಬಿಟ್ಟ.

ಗಾಳೆಪ್ಪ ಧೋತರದ ನೀರು ಹಿಂಡಿದ. "ಅಂದ್ರ ನಾ ಕಲಿಸಿದ ವಿದ್ಯಾನ ನಿನ್ನ ಕೊಲ್ಲಾಕ ಹೊಂಟಿತ್ತನಲೇ?"

"ಬಾವಿಗೆ ಅದ ಸರಿ ಐತಿ ಮಾವ. ಸಮುದ್ರದ ರೀತಿ ಬ್ಯಾರೆ."

ಗಾಳೆಪ್ಪನಿಗೆ ನೋವಾಯಿತು, ಸುಳ್ಳು ಯಾಕೆ? ಆದರೆ ಅವನು ನೋವನ್ನು ಸಾಕಿಕೊಂಡು ಕೂರುವ ಆಸಾಮಿಯಲ್ಲ. ಎದ್ದು ನಿಂತು ನಗುತ್ತಿದ್ದವರನ್ನು ಗದರಿಸಿದ. "ಏನ ನಗ್ತೀರಿ? ಸಮುದ್ರದ ಪಾಠ ನಡದೈತಿ ಇಲ್ಲಿ! ಗೌತಮ, ಇಳಿಯಲೇ ಮತ್ತ. ಗುಳ್ಳಿ ನಿಂತ್ರ ನೋಡು, ಮಣ್ಣ ಹೆಂಟಿಲೆ ಹೊಡಿತೀನಿ."

ರಜೆ ಮುಗಿಯುವವರೆಗೂ ಅದೇ ನಡೆಯಿತು. ಮಾವ ಮೆಟ್ಟಿಲ ಮೇಲೆ ನಿಂತು ಉಧೋ ಅನ್ನುವುದು, ಅಳಿಯ ನೀರಿನೊಳಗಿಂದ ಉಧೋ ಅನ್ನುವುದು. ನೋಡಲು ಬಂದ ಹುಡುಗರೂ ಗುಳ್ಳೆ ಬಿಡುವುದರಲ್ಲೇ ಪಂದ್ಯ ಕಟ್ಟಿದರು.

ವಿಶಾಖಪಟ್ಟಣದಿಂದ ಫೋನು ಬಂದಾಗ ಗಾಳೆಪ್ಪ ಗದ್ದೆಯ ಬದುವಿನ ಮೇಲಿದ್ದ, ಗೀತಾ ಬುತ್ತಿ ಬಿಚ್ಚುತ್ತಿದ್ದಳು.

"ಪಾಸಾದೆ ಮಾವ! ತಳದಿಂದ ತುದಿ ತನಕ ಗುಳ್ಳಿ ನಿಲ್ಲಲಿಲ್ಲ. ಇದನ್ನ ಯಾರು ಕಲಿಸಿದ್ರು ಅಂತ ಸಾಹೇಬ್ರು ಕೇಳಿದ್ರು."

"ಏನ ಹೇಳಿದಿ?"

"ನಮ್ಮ ಮಾವ, ಎರಡು ಸಲ ಕಲಿಸ್ಯಾರ ಅಂದೆ."

ಗಾಳೆಪ್ಪ ಫೋನನ್ನು ಮಗಳ ಕೈಗೆ ತುರುಕಿ, "ತಗೋವಾ, ನಿನ್ನ ಕೂಡ ಏನೋ ಮಾತಾಡಬೇಕಂತ" ಎಂದು ಗದ್ದೆಗೆ ಇಳಿದುಬಿಟ್ಟ.