ಮಾಧ್ಯಮ: ಹಿಂದಿ

ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಶಾಲೆಯ ಕನ್ನಡ ಮಾಧ್ಯಮದ ಆರನೇ ಕ್ಲಾಸಿನಲ್ಲಿ ಉಳಿದಿದ್ದು ಹನ್ನೊಂದು ಮಕ್ಕಳು. ಪಾಠ ಮಾಡುವವಳು ನಾನೊಬ್ಬಳೇ. ಚಿತ್ರ, ವಿಡಿಯೊ, ಪ್ರಶ್ನೆಪತ್ರಿಕೆ ಎಲ್ಲವನ್ನೂ ಶಿಕ್ಷಣ ಇಲಾಖೆಯ ಪೋರ್ಟಲ್‌ನಿಂದಲೇ ತೆಗೆದುಕೊಳ್ಳಬೇಕೆಂದು ಮೇಲಿನವರ ಅಪ್ಪಣೆಯಾಗಿತ್ತು.

ಪೋರ್ಟಲ್ ತೆರೆದರೆ ಮೊದಲು ಕೇಳುವುದು ಮಾಧ್ಯಮ ಯಾವುದೆಂದು. ಜೂನ್‌ನಲ್ಲಿ ಭಕ್ತಿಯಿಂದ ಕನ್ನಡ ಒತ್ತಿದೆ. ಎರಡೇ ವಿಡಿಯೊ ಸಿಕ್ಕವು. ಒಂದಕ್ಕೆ ಧ್ವನಿಯೇ ಇಲ್ಲ. ಇನ್ನೊಂದರಲ್ಲಿ 'ಸಸ್ಯಗಳು ರಜೆಗಳಲ್ಲಿ ಆಹಾರ ತಯಾರಿಸುತ್ತವೆ' ಎಂದಿತ್ತು. ಇಂಗ್ಲಿಷಿನ 'ಲೀವ್ಸ್' ಅನ್ನು ಯಾವ ಯಂತ್ರ ಅನುವಾದ ಮಾಡಿತ್ತೋ, ಎಲೆ ಹೋಗಿ ರಜೆ ಬಂದಿತ್ತು. ಇದನ್ನು ಮಕ್ಕಳಿಗೆ ತೋರಿಸಿದರೆ ನನ್ನ ಮಾನ ಉಳಿಯುತ್ತದೆಯೇ?

ಹಿಂದಿ ಒತ್ತಿದೆ. ರಾಶಿ ರಾಶಿ ಬಂತು. ಅಂದಿನಿಂದ ಅದೇ ರೂಢಿಯಾಯಿತು. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದ ದಿನ ಕೂತು, ಸಿಗದ ದಿನ ಬಾಗಿಲಿಗೆ ಒರಗಿ, ಹಿಂದಿ ಪಾಠವನ್ನು ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ತಿರುಗಿಸುತ್ತಿದ್ದೆ. ಕ್ಲಾಸಿನಲ್ಲಿ ವಿಡಿಯೊದ ಧ್ವನಿ ಬಂದ್ ಮಾಡಿ ನಾನೇ ಮಾತಾಡುತ್ತಿದ್ದೆ. ಇಷ್ಟು ಒದ್ದಾಡುವ ಟೀಚರ್ ಇಡೀ ಮುಂಬಯಿಯಲ್ಲಿ ಇನ್ನೊಬ್ಬಳಿಲ್ಲ ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಫೆಬ್ರವರಿಯಲ್ಲಿ ಹೆಡ್‌ಮಾಸ್ತರ್ ಸದಾನಂದ ಸರ್ ಕರೆಸಿದರು.

"ಬರುವ ಜೂನ್‌ನಿಂದ ಕನ್ನಡ ಕ್ಲಾಸ್ ಬಂದ್ ಅಂತೆ ಟೀಚರ್. ಮಕ್ಕಳೆಲ್ಲ ಹಿಂದಿ ಮಾಧ್ಯಮಕ್ಕೆ."

"ಯಾಕೆ ಸರ್? ಹನ್ನೊಂದು ಮಕ್ಕಳಿದ್ದಾರಲ್ಲ!"

ಅವರು ಇಲಾಖೆಯ ಆಫೀಸಿನಿಂದ ಬಂದ ಕಾಗದವನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲಿದ್ದುದು ಪೋರ್ಟಲ್‌ನ ನನ್ನದೇ ಲಾಗಿನ್ ಲೆಕ್ಕ. ಎಂಟು ತಿಂಗಳಲ್ಲಿ ಹಿಂದಿ ನಾನೂರಕ್ಕೂ ಹೆಚ್ಚು ಸಲ, ಕನ್ನಡ ಎರಡು ಸಲ.

"ಕನ್ನಡ ಟೀಚರಿಗೇ ಕನ್ನಡ ಬೇಡ, ಇನ್ನು ಮಕ್ಕಳಿಗೆ ಯಾಕೆ ಅಂತ ಆಫೀಸಿನವರು ಕೇಳ್ತಾರೆ. ನಾನು ಏನು ಹೇಳುವುದು ಮಾರಾಯ್ರೇ?"

ಓಡಿಹೋಗಿ ನನ್ನ ನೋಟ್‌ಬುಕ್ಕುಗಳನ್ನೆಲ್ಲ ತಂದು ಮೇಜಿನ ಮೇಲೆ ಸುರಿದೆ. ಸರ್ ನಾಲ್ಕು ಪುಟ ತಿರುವಿದರು. ಪಾಪ, ಕೆಟ್ಟವರಲ್ಲ.

"ಒಳ್ಳೆ ಬರೆದಿದ್ದೀರಿ. ಆದರೆ ಇದು ಪೋರ್ಟಲ್‌ನಲ್ಲಿ ಇಲ್ಲವಲ್ಲ."

ನೋಟ್‌ಬುಕ್ಕುಗಳನ್ನು ಬಾಚಿಕೊಂಡು ಕ್ಲಾಸಿಗೆ ಹೋದೆ. ಸುದ್ದಿ ನನಗಿಂತ ಮುಂಚೆಯೇ ಅಲ್ಲಿಗೆ ತಲುಪಿತ್ತು. ಗಾರೆ ಕೆಲಸದ ಗೌಂಡಿ ಗುರುಪಾದನ ಮಗಳು ರಂಜನಾ ಎದ್ದು ನಿಂತಳು. ಈ ವರ್ಷವಷ್ಟೇ ಅವಳಿಗೆ ಓದು ಹಿಡಿಸಿತ್ತು.

"ಟೀಚರ್, ನಮ್ಮನ್ನ ಹಿಂದಿ ಕ್ಲಾಸಿಗೆ ಹಾಕ್ತಾರಂತಲ್ರಿ, ಖರೇನ್ರಿ? ಯಾರ್ರೀ ಹಂಗ ಮಾಡಿದವ್ರು?"

ಆಫೀಸಿನವರು ಎನ್ನಬಹುದಿತ್ತು.

"ನಾನೇ ಕಣಮ್ಮ" ಎಂದೆ.

ಅವಳು ನಕ್ಕುಬಿಟ್ಟಳು. "ನೀವು ಚ್ಯಾಷ್ಟಿ ಮಾಡ್ತೀರಿ ಬಿಡ್ರಿ" ಎಂದು ಕುಳಿತು, ಪಾಠಕ್ಕೆ ಪುಸ್ತಕ ತೆರೆದಳು.