ಕೊರಳಿನಿಂದ ಬಿಚ್ಚಿದ ಬಿಲ್ಲೆ

ನಾನು ಒಂದು ಕೆಂಪು ಬಿಲ್ಲೆ, ಸಿಪಾಯಿಯ ಕೊರಳಿಗೆ ಕಟ್ಟುವ ಗುರುತು. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಗಾತ್ರ, ಒಣಗಿದ ಎಲೆಯಷ್ಟು ಭಾರ. ಕಂಡವರು ನನ್ನನ್ನು ತೊಗಲೆಂದುಕೊಳ್ಳುತ್ತಾರೆ. ತೊಗಲಲ್ಲ, ನಾನು ಹತ್ತಿ. ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ ಹಳೆಯ ಬಟ್ಟೆಯ ಚಿಂದಿಗಳನ್ನು ನೆನೆಸಿ, ಒತ್ತಿ, ಗಟ್ಟಿ ಹಾಳೆ ಮಾಡಿ, ಅದರಿಂದ ನನ್ನನ್ನು ಕತ್ತರಿಸಿದರು. ಅದಕ್ಕೂ ಮೊದಲು ನಾನು ಯಾರ ಅಂಗಿಯಾಗಿದ್ದೆನೋ, ಯಾವ ತೊಟ್ಟಿಲಿನ ಹಾಸಾಗಿದ್ದೆನೋ, ನೆನಪಿಲ್ಲ.

ಅದು ಮೊದಲ ಮಹಾಯುದ್ಧದ ಕಾಲ. ದಂಡಿನ ಕೊಠಡಿಯೊಂದರಲ್ಲಿ ಸಾರ್ಜೆಂಟ್ ಒಬ್ಬ ಸುತ್ತಿಗೆ ಹಿಡಿದು ನನ್ನ ಮೈಮೇಲೆ ಒಂದೊಂದೇ ಅಕ್ಷರ ಬಡಿದ. ಎಸ್. ಆರ್ಮರಾಡ್. ಅದರ ಕೆಳಗೆ ದಂಡಿನ ಅಂಕಿ, ಪಟಾಲಮಿನ ಹೆಸರು.

"ಮೆತ್ತಗೆ ಹೊಡೀರಿ ಸಾರ್, ನನ್ನ ಹೆಸರು ಅದು, ನೋಯ್ತದೆ" ಎಂದ ಎದುರಿಗೆ ನಿಂತಿದ್ದ ತೆಳ್ಳನೆಯ ಯುವಕ. ಅವನೇ ಸೇತ್ ಆರ್ಮರಾಡ್, ನನ್ನ ಒಡೆಯ. ಹಿಂದೆ ನಿಂತಿದ್ದ ಗೆಳೆಯ ಈನಕ್ ನಕ್ಕ. ಸಾರ್ಜೆಂಟ್ ನಗಲಿಲ್ಲ. ಅವನಿಗೆ ಬಡಿಯಬೇಕಾದ ಹೆಸರುಗಳು ಇನ್ನೂ ಬಹಳ ಇದ್ದವು.

ಇಬ್ಬರೂ ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ಹತ್ತಿ ಗಿರಣಿಯವರು. ಅಲ್ಲಿ ನೂರಾರು ಮಗ್ಗಗಳ ಸದ್ದಿನಲ್ಲಿ ಪಕ್ಕದವನು ಕೂಗಿದರೂ ಕೇಳಿಸದು. ಆದ್ದರಿಂದ ಆ ಸೀಮೆಯವರು ದನಿಯಿಲ್ಲದೆ ಬರೀ ತುಟಿಯಾಡಿಸಿ ಮಾತಾಡುತ್ತಾರೆ, ಕೇಳುವವರು ತುಟಿಯನ್ನು ನೋಡಿ ತಿಳಿಯುತ್ತಾರೆ. ಸೇತನ ಅವ್ವ ಹ್ಯಾನಾ ಹುಡುಗಿಯಾಗಿದ್ದಾಗಿನಿಂದ ಮಗ್ಗದ ಮುಂದೆ ನಿಂತವಳು. ಕಿವಿ ಮಂದವಾಗಿತ್ತು. ಎದುರಿಗಿದ್ದವರ ಕಣ್ಣಿಗಿಂತ ತುಟಿಯನ್ನೇ ಹೆಚ್ಚು ನೋಡುತ್ತಿದ್ದಳು.

ಫ್ರಾನ್ಸಿಗೆ ಹೊರಡುವ ಮುನ್ನ ಸೇತ್ ಮನೆಗೆ ಹೋದ. ಅವ್ವ ಅವನ ಕಾಲರಿನೊಳಗೆ ಬೆರಳು ಹಾಕಿ ನನ್ನನ್ನು ಹೊರಗೆಳೆದಳು.

"ಇದು ಯಾವಾಗ್ಲೂ ಕೊರಳಲ್ಲೇ ಇರ್ತದಾ?"

"ಇರ್ತದೆ ಅವ್ವ."

"ಏನೇ ಆದ್ರೂನೂ?"

"ಅದಕ್ಕೇ ಅಲ್ವಾ ಕೊಟ್ಟಿರೋದು."

ಅವಳ ಗಂಡ ಕಲ್ಲಿದ್ದಲ ಗಣಿಯಲ್ಲಿ ಸತ್ತಿದ್ದ. ಒಳಗೆ ಬೆಂಕಿ ಬಿದ್ದಾಗ ಗಣಿಯ ಬಾಯಿಯನ್ನೇ ಮುಚ್ಚಿಬಿಟ್ಟಿದ್ದರು. ಹೆಣ ಒಳಗೇ ಉಳಿದು, ಹೂವಿಡಲು ಅವಳಿಗೊಂದು ಗೋರಿಕಲ್ಲೂ ಸಿಕ್ಕಿರಲಿಲ್ಲ. ಈಗ ಅವಳು ನನ್ನ ದಂಡಿನ ದಾರವನ್ನು ತೆಗೆದು, ಗಿರಣಿಯಿಂದ ತಂದ ಗಟ್ಟಿ ಹುರಿಯನ್ನು ಪೋಣಿಸಿದಳು. ಗಂಟು ಹಾಕುತ್ತಾ ತುಟಿಯಲ್ಲೇ ಹೇಳಿದಳು: "ನಿಮ್ಮಪ್ಪನ ತರ ಮಾಡ್ಬೇಡ. ಎಲ್ಲಿದ್ದೀ ಅಂತ ನಂಗೆ ಗೊತ್ತಾಗ್ಬೇಕು."

ಫ್ರಾನ್ಸನ್ನು ನಾನು ನೋಡಿದ್ದು ಕಡಿಮೆ. ಅಂಗಿಯೊಳಗಿನ ಕತ್ತಲು, ಬೆವರು, ನನ್ನ ಹುರಿಯಲ್ಲಿ ಗೂಡು ಕಟ್ಟಿದ ಹೇನು, ಇಷ್ಟೇ ನನ್ನ ಫ್ರಾನ್ಸ್. ಕಂದಕದಲ್ಲಿ ಕೆಸರು ಮೊಣಕಾಲಿಗೆ ಬರುತ್ತಿತ್ತಂತೆ. ಸೇತ್ ನಿಂತಲ್ಲೇ ನಿದ್ದೆ ಹೋಗುವುದನ್ನು ಕಲಿತ. ಎದೆಯ ಬಡಿತ ಸಹ ದಣಿದಂತೆ ಕೇಳುತ್ತಿತ್ತು. ಮೈ ತಿಕ್ಕಲೆಂದು ಅಂಗಿ ಬಿಚ್ಚಿದಾಗ ಮಾತ್ರ ನನಗೆ ಬೆಳಕು. ಆಗ ನೋಡಿದರೆ, ಗುಂಡುಗಳ ಸದ್ದಿನ ನಡುವೆ ಗೆಳೆಯರಿಬ್ಬರೂ ಗಿರಣಿಯಲ್ಲಿದ್ದ ಹಾಗೇ ತುಟಿಯಾಡಿಸುತ್ತಿದ್ದರು. ಪೆಟ್ರೋಲು ಡಬ್ಬದಲ್ಲಿ ತಂದ ನೀರಿನ ಚಹಾ ಕುಡಿದು ಈನಕ್ ಮುಖ ಕಿವುಚಿದರೆ, ಸೇತನ ತುಟಿ ಹೇಳುತ್ತಿತ್ತು: "ಉಗೀಬೇಡ ಕಣೋ, ದೀಪಕ್ಕೆ ಹಾಕಿದ್ರೆ ಉರೀತದೆ."

ಬೇಸಿಗೆಯ ಒಂದು ಬೆಳಿಗ್ಗೆ ಎಲ್ಲರನ್ನೂ ಕಂದಕದಿಂದ ಏಣಿ ಹತ್ತಿಸಿ ಶತ್ರುವಿನ ಎದುರಿನ ಬಯಲಿಗೆ ಬಿಟ್ಟರು. ಯಾರದೋ ಹೊಲದ ಮುರಿದ ನೀರಿನ ಪಂಪಿನ ಹತ್ತಿರ ಸೇತ್ ಬಿದ್ದ. ಗುಂಡು ಹೊಟ್ಟೆಗೆ ಹೊಕ್ಕಿತ್ತು. ಈನಕ್ ತೆವಳಿ ಬಂದು ಪಕ್ಕದಲ್ಲಿ ಮಲಗಿದ. ಆ ಸದ್ದಿನಲ್ಲಿ ಕೂಗಿಗೆ ಅರ್ಥವಿರಲಿಲ್ಲ. ಸೇತ್ ನನ್ನನ್ನು ಅಂಗಿಯೊಳಗಿಂದ ಹೊರಗೆಳೆದು ತುಟಿಯಾಡಿಸಿದ: "ಅವ್ವಂಗೆ ಕೊಡು. ನೀನೇ ಕೊಡು."

ಸತ್ತವನ ಬಿಲ್ಲೆಯನ್ನು ಸಾವಿನ ಗುರುತಿಗೆ ಬಿಚ್ಚಿ ತರಬೇಕೆಂಬುದು ದಂಡಿನ ಕ್ರಮವೂ ಆಗಿತ್ತು. ಎದೆಯ ಬಡಿತ ನಿಂತ ಮೇಲೆ ಈನಕ್ ಚಾಕುವಿನಿಂದ ಹುರಿ ಕತ್ತರಿಸಿದ. ಕೊರಳು ಇನ್ನೂ ಬೆಚ್ಚಗಿತ್ತು. ಅಧಿಕಾರಿ ನನ್ನನ್ನು ನೋಡಿ ಹೆಸರು ಬರೆದುಕೊಂಡು, "ನೀನೇ ಮುಟ್ಟಿಸು" ಎಂದು ಹಿಂದಿರುಗಿಸಿದ. ಹೆಣಗಳನ್ನು ಹೂಳಲು ಬಂದವರು ಬೇರೆ ಪಟಾಲಮಿನವರು. ಸೇತನ ಗುರುತು ಅವರಿಗಿಲ್ಲ. ಅವರು ಕೊರಳುಗಳನ್ನು ತಡಕುವಾಗ ನಾನು ಈನಕನ ಜೇಬಿನಲ್ಲಿದ್ದೆ.

ಚಳಿಗಾಲದಲ್ಲಿ ಈನಕನಿಗೆ ರಜೆ ಸಿಕ್ಕಿತು. ಹ್ಯಾನಾ ನನ್ನನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅವನಿಗೆ ಆಲೂಗಡ್ಡೆ ಸಾರು ಬಡಿಸಿದಳು. ಅವನು ಬಟ್ಟಲಿನ ಕಡೆ ಬಾಗಿದಾಗ ಕಾಲರಿನಿಂದ ಎರಡು ಬಿಲ್ಲೆಗಳು ಜಾರಿ ಹೊರಬಂದವು. ಒಂದು ಹಸಿರು, ಒಂದು ಕೆಂಪು.

"ನಿಂಗ್ಯಾಕೋ ಎರಡು?"

ಈನಕ್ ತುಟಿಯಲ್ಲೇ ಉತ್ತರಿಸಿದ. "ಈಗ ಎಲ್ಲಾರ್ಗೂ ಎರಡು ಚಿಕ್ಕಮ್ಮ. ಸತ್ತರೆ ಒಂದನ್ನ ಬಿಚ್ಕೋತಾರೆ. ಇನ್ನೊಂದು ಅವನ ಜೊತೇನೇ ಇರ್ತದೆ. ಹೂಳೋರಿಗೆ ಹೆಸರು ಗೊತ್ತಾಗ್ಲಿ ಅಂತ."

ಅವಳು ನನ್ನನ್ನು ನೋಡಿದಳು. "ನಮ್ಮ ಸೇತ್ ಹತ್ರ ಏನಿದೆ?"

ಈನಕ್ ತನ್ನ ಎರಡೂ ಬಿಲ್ಲೆಗಳನ್ನು ಕಾಲರಿನೊಳಗೆ ತುರುಕಿಕೊಂಡ. ಅವಳು ಅವನ ತುಟಿಯನ್ನೇ ನೋಡುತ್ತಾ ಕುಳಿತಳು. ಆಮೇಲೆ ಬಟ್ಟಲನ್ನು ಅವನ ಕಡೆ ತಳ್ಳಿದಳು.

"ಉಣ್ಣು. ಆರ್ತದೆ."

ಯುದ್ಧ ಮುಗಿದು ಎಷ್ಟೋ ವರ್ಷ ನಾನು ಅವಳ ಏಪ್ರನ್ನಿನ ಜೇಬಿನಲ್ಲಿದ್ದೆ. ಕೊನೆಗೆ ಅವಳೂ ಈನಕನೂ ಕೂಡಿ ಫ್ರಾನ್ಸಿಗೆ ಬಂದರು. ಸೇತ್ ಬಿದ್ದಲ್ಲಿ ಪಂಪು ಇರಲಿಲ್ಲ, ಹೊಲವೂ ಇರಲಿಲ್ಲ. ಬಿಳಿಯ ಗೋರಿಕಲ್ಲುಗಳ ಸಾಲುಗಳಿದ್ದವು. ಬಹಳಷ್ಟಕ್ಕೆ ಹೆಸರಿರಲಿಲ್ಲ. ಹ್ಯಾನಾ ಸಾಲುಗಳ ನಡುವೆ ಮೆಲ್ಲಗೆ ನಡೆದು, ಒಂದು ಹೆಸರಿಲ್ಲದ ಕಲ್ಲಿನ ಮುಂದೆ ಕುಳಿತಳು. ಕೈಚೀಲದಿಂದ ಹೆಣಿಗೆ ಕಡ್ಡಿ ತೆಗೆದು ಮಣ್ಣು ಕೆದಕತೊಡಗಿದಳು.

"ಇವನೇ ಅಂತ ಹೆಂಗೆ ಗೊತ್ತು ಚಿಕ್ಕಮ್ಮ?"

"ಗೊತ್ತಿಲ್ಲ." ಕಡ್ಡಿ ನಿಲ್ಲಲಿಲ್ಲ. "ನಂಗೆ ಕಾಲು ನೋಯ್ತಿತ್ತು, ಇಲ್ಲಿ ಕೂತೆ. ಇವನೂ ಒಬ್ಬ ಅವ್ವನ ಮಗನೇ. ಸೇತ್ ಹತ್ರಾನೂ ಯಾವಳಾದ್ರೂ ಹಿಂಗೇ ಕಾಲು ನೋವು ಅಂತ ಕೂತಿರ್ತಾಳೆ."

ನನ್ನನ್ನು ಗುಂಡಿಯಲ್ಲಿಟ್ಟು ಅವಳು ಆ ಕಲ್ಲಿಗೆ ಏನೋ ಹೇಳಿದಳು, ತುಟಿಯಲ್ಲಿ. ಓದಬಾರದೆಂದು ಈನಕ್ ಮುಖ ಆಚೆ ತಿರುಗಿಸಿದ. ನನ್ನ ಮೇಲೆ ಮಣ್ಣು ಬಿತ್ತು.

ಈಗ ನನಗೆ ಮುಪ್ಪು. ಅವಳು ಹಾಕಿದ ಹುರಿ ಮೊದಲು ಕರಗಿತು. ಹತ್ತಿಯ ಮೈಗೆ ಒದ್ದೆ ಮಣ್ಣು ಒಗ್ಗುವುದಿಲ್ಲ, ಅಂಚು ಮೆತ್ತಗಾಗಿದೆ. ಸುತ್ತಿಗೆ ಬಡಿದು ಮೂಡಿಸಿದ ಅಕ್ಷರಗಳು ಒಂದೊಂದಾಗಿ ಹೋಗುತ್ತಿವೆ. ಕೆಳಗೆ ಮಲಗಿರುವವನು ಸೇತನೋ ಅಲ್ಲವೋ ನನಗೆ ತಿಳಿಯದು. ಅವನೂ ಹೇಳುವುದಿಲ್ಲ. ನನ್ನಲ್ಲಿ ಒಂದಕ್ಷರ ಉಳಿದಿರುವ ತನಕ ಇವನು ಸೇತ್ ಆರ್ಮರಾಡ್, ಹ್ಯಾನಾಳ ಮಗ. ಆಮೇಲೆ ಇವನಿಗೂ ಹೆಸರಿರದು, ನನಗೂ ಹೇಳಲು ಏನೂ ಇರದು.