ಸೊನ್ನೆ ತುಂಬಿದ ಸಾಲು

ನಮ್ಮ ಚಿಕ್ಕಪ್ಪನ ಬಲಗಾಲಿಗೆ ಬ್ರೇಕ್ ತುಳಿಯುವಷ್ಟು ಬಲವಿಲ್ಲ ಎಂದು ವರದಿ ಬಂತು. ಕೊಟ್ಟದ್ದು ಬೇರೆ ಯಾರೂ ಅಲ್ಲ, ನಾನೇ ಪ್ರೋಗ್ರಾಮ್ ಬರೆಯುವ ಕೆಲಸದಲ್ಲಿರುವ ಪ್ರಯೋಗಾಲಯ. ಬಸ್ ಚಾಲಕರು ಇಲ್ಲಿ ಒತ್ತಡ ಅಳೆಯುವ ಚಾಪೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯಬೇಕು. ಪಾದದ ಒತ್ತಡ ಕ್ಷಣಕ್ಕೊಂದರಂತೆ ಅಂಕಿಗಳ ಸಾಲಾಗಿ ಕಂಪ್ಯೂಟರಿಗೆ ಬರುತ್ತದೆ. ಎಲ್ಲರ ಸರಾಸರಿಗಿಂತ ತೀರಾ ಕೆಳಗಿದ್ದವರ ಕೆಲಸ ಹೋಯಿತೆಂದೇ ಲೆಕ್ಕ. ಚಿಕ್ಕಪ್ಪನದು ಸಂಜೆಯೊಳಗೆ ಹೋಗುವುದರಲ್ಲಿತ್ತು.

ಅವರು ನಡೆಯುತ್ತಾರೋ ಓಡುತ್ತಾರೋ ಗೊತ್ತಾಗುವುದಿಲ್ಲ. ಜೊತೆಯಲ್ಲಿ ಅಂಗಡಿಗೆ ಹೊರಟ ಚಿಕ್ಕಮ್ಮ ಅರ್ಧ ದಾರಿಯಲ್ಲೇ ನಿಂತು ಬೈಯುತ್ತಾರೆ. ಅಂಥವರ ಕಾಲಿಗೆ ಬಲವಿಲ್ಲವಂತೆ!

ಪ್ರಯೋಗಾಲಯದ ಮುಖ್ಯಸ್ಥರು ಬರೆದಿದ್ದ ಹಳೆಯ ಪ್ರೋಗ್ರಾಮ್ ತೆರೆದು ನೋಡಿದೆ. ಮೈಯೆಲ್ಲ ಉರಿದುಹೋಯಿತು. ನಿಧಾನವಾಗಿ ನಡೆದವರ ಸಾಲು ಉದ್ದ, ಬೇಗ ದಾಟಿದವರದು ಗಿಡ್ಡ. ಒಂದು ಕೋಷ್ಟಕದೊಳಗೆ ಸಾಲುಗಳೆಲ್ಲ ಒಂದೇ ಉದ್ದ ಇರಲೇಬೇಕೆಂದು ಈ ತಂತ್ರಾಂಶದ ಹಟ. ಈ ಮಹಾನುಭಾವರು ಗಿಡ್ಡ ಸಾಲುಗಳ ಬಾಲಕ್ಕೆ ಸೊನ್ನೆ ತುಂಬಿ ಕೈತೊಳೆದುಕೊಂಡಿದ್ದರು. ಚಿಕ್ಕಪ್ಪ ಚಾಪೆ ದಾಟಿ, ಚಪ್ಪಲಿ ಮೆಟ್ಟಿ ಹೊರಗೆ ಹೋದ ಮೇಲೂ ಲೆಕ್ಕದಲ್ಲಿ ಅವರ ಕಾಲು ಸೊನ್ನೆ ಒತ್ತಡ ಹಾಕುತ್ತ ಚಾಪೆಯ ಮೇಲೇ ನಿಂತಿತ್ತು.

ಮುಖ್ಯಸ್ಥರ ಕೋಣೆಗೆ ನುಗ್ಗಿದೆ.

“ಸಾರ್, ಈ ಸೊನ್ನೆಗಳನ್ನ ಯಾಕೆ ತುಂಬಿದ್ರಿ?”

“ಇಲ್ಲಾಂದ್ರೆ ಕೋಷ್ಟಕದಲ್ಲಿ ಕೂರಲ್ಲಮ್ಮ. ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೇ?”

“ಆ ಏನೂ ಇಲ್ಲದ್ದನ್ನೂ ಸೇರಿಸ್ಕೊಂಡು ಭಾಗಿಸಿದ್ದೀರಲ್ಲ ಸಾರ್! ಸೆಲ್ ಅರೇ ಅಂತ ಒಂದಿದೆಯಲ್ಲ. ಒಂದೊಂದು ಗೂಡಲ್ಲಿ ಅವರವರ ಸಾಲು, ಅವರವರ ಉದ್ದ. ಒಂದು ಸೊನ್ನೆಯೂ ಬೇಡ.”

ಅವರು ಕನ್ನಡಕ ಒರೆಸಿದರು. “ನಿಮ್ಮ ಚಿಕ್ಕಪ್ಪಂದು ಸರಿಮಾಡ್ಕೊ ಹೋಗು. ಉಳಿದದ್ದನ್ನ ಕೆದಕಬೇಡ.”

ನನಗೆ ಪಿತ್ತ ನೆತ್ತಿಗೇರಿತು. ಬಾಗಿಲನ್ನು ದಡಾರನೆ ಎಳೆದುಕೊಂಡು ಬಂದು, ಎಲ್ಲರ ಸಾಲುಗಳನ್ನೂ ಗೂಡುಗಳಿಗೆ ಹಾಕಿ ಲೆಕ್ಕ ಮತ್ತೆ ಓಡಿಸಿದೆ. ಚಿಕ್ಕಪ್ಪ ಪಾಸಾದರು. ಹೊರಗೆ ಬೆಂಚಿನ ಮೇಲೆ ಕೂತಿದ್ದವರಿಗೆ ಹೇಳಲು ಓಡಿದೆ.

“ಇನ್ನೊಂದ್ಸಲ ನಡೆದ್ರೂ ಪಾಸಾಗ್ತಿದ್ದೆ ಬಿಡು ಪುಟ್ಟೀ,” ಎಂದು ಅವರು ನಕ್ಕರು. “ಉಪಾಯ ಡಿಪೋದಲ್ಲಿ ಎಲ್ಲರಿಗೂ ಗೊತ್ತು. ಕಾಲೆಳ್ಕೊಂಡು ನಿಧಾನಕ್ಕೆ ನಡೀಬೇಕಂತೆ. ನಮ್ಮ ಡ್ರೈವರ್ ದಪ್ಪಣ್ಣಂಗೆ ಬಲಗಾಲು ಜೋಮು ಹಿಡಿದು ಮೆಟ್ಟಿಲು ಹತ್ತೋಕೂ ಆಗಲ್ಲ, ಅವನೇ ಪಾಸು!”

ಸೊನ್ನೆಗಳು ಎಲ್ಲರ ಸರಾಸರಿಯನ್ನೂ ಕೆಳಕ್ಕೆಳೆದಿದ್ದವು; ಕಾಲೆಳೆಯುವವನೂ ಅದರ ಮೇಲೆ ತೇಲಿಬಿಟ್ಟಿದ್ದ. ಹೊಸ ಲೆಕ್ಕದಲ್ಲಿ ಎಲ್ಲರಿಗಿಂತ ಕೆಳಗಿದ್ದದ್ದು ಅವನೇ.

“ಅವರೀಗ ಎಲ್ಲಿದ್ದಾರೆ ಚಿಕ್ಕಪ್ಪ?”

“ನನ್ನ ಬಸ್ಸು ಅವನಿಗೇ ಕೊಟ್ಟಿದ್ದಾರೆ. ಶಾಲೆ ಬಿಡೋ ಹೊತ್ತು, ಮಕ್ಕಳನ್ನ ಕರ್ಕೊಂಡು ಬರೋಕೆ ಹೊರಡ್ತಿರ್ತಾ…”

ನನ್ನ ಮುಖ ನೋಡಿದವರೇ ಎದ್ದು ಓಡಿದರು. ಡಿಪೋ ಇದೇ ಬೀದಿಯ ಕೊನೆಗೆ. ನಾನು ಡಿಪೋಗೆ ಫೋನ್ ಮಾಡಿದೆ, ಮಾಡಿದೆ, ಹಾಳಾದವರು ಯಾರೂ ಎತ್ತಲಿಲ್ಲ.

ಕೊನೆಗೆ ಚಿಕ್ಕಪ್ಪನೇ ಫೋನ್ ಮಾಡಿದರು. ಏದುಸಿರು. “ಗೇಟಲ್ಲೇ ಸಿಕ್ಕಿದ. ಕೀ ಕಿತ್ಕೊಂಡೆ. ಕೂತ್ಕೊಂಡು ಅಳ್ತಿದ್ದಾನೆ ಪಾಪ.”

ನನ್ನ ಬೆನ್ನ ಹಿಂದೆ ಮುಖ್ಯಸ್ಥರು ಬಂದು ನಿಂತಿದ್ದರು. “ಏನಾಯ್ತು? ಚಿಕ್ಕಪ್ಪಂದು ಸರಿಹೋಯ್ತಾ?”

“ಅವರು ಬೇಗ ನಡೀತಾರಲ್ಲ ಸಾರ್,” ಎಂದೆ. “ಬಸ್ಸು ಗೇಟು ದಾಟೋಕೆ ಮುಂಚೆ ತಲುಪಿದ್ರು. ನೀವು ಬಲ ಇಲ್ಲ ಅಂತ ಸಹಿ ಹಾಕಿದ್ದು ಆ ಕಾಲಿಗೇ.”